ಆಡಿನ ಹಾಲಿನ ಚೀಸ್: ನಮ್ಮ ಬಿಸಿಲಿಗೆ ಒಗ್ಗಿದ್ದು, ಒಗ್ಗದ್ದು

ನಾವು ಆಡಿನ ಹಾಲಿನ ಚೀಸ್ ಮಾಡುತ್ತೇವೆ ಅಂತ ಕೇಳಿ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಇದೇ. ಮಷಿನ್‌ಗೆ ಎಷ್ಟಾಯ್ತು? ಸಬ್ಸಿಡಿ ಸಿಗುತ್ತಾ? ಹಾಲು ಎಷ್ಟು ಬರುತ್ತೆ ಅಂತ ಯಾರೂ ಕೇಳುವುದಿಲ್ಲ. ಆಡು ಸಾಕಿದ ಮೇಲೆ ಹಾಲು ಇದ್ದೇ ಇರುತ್ತೆ ಅಂದುಕೊಂಡಿರುತ್ತಾರೆ. ಇರುತ್ತೆ, ಆದರೆ ಅದು ಮರಿಯದು. ಅದರ ಬಾಯಿಂದ ತಪ್ಪಿಸಿ ನಾವೆಷ್ಟು ತಗೋಬಹುದು ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ, ಮಷಿನ್ ಆಮೇಲೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಇದನ್ನೇ ಹೇಳಿ ಸಾಕಾಗಿದೆ, ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ನಮ್ಮದು ಲಕ್ಷ್ಮೇಶ್ವರದ ಕಡೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಜೋಳ, ಬದುವಿನ ಮೇಲೆ ಜಾಲಿ, ಬೇವು. ಆಡುಗಳು ಅತ್ತೆಯವರದು. ಹೊಲ ಮಾವನದು, ಲೆಕ್ಕ ಗಂಡನದು, ಆಡು ಮಾತ್ರ ಅತ್ತೆಯವರದು, ಅದರಲ್ಲಿ ಯಾರೂ ಬಾಯಿ ಹಾಕುವಂತಿಲ್ಲ. ಮದುವೆಗೆ ಮೊದಲು ನಾನು ಧಾರವಾಡದಲ್ಲಿ ಹಾಲು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿದ್ದೆ. ಫ್ಯಾಟ್ ಎಷ್ಟು, ಹುಳಿ ಎಷ್ಟು, ನೀರು ಬೆರೆತಿದೆಯಾ ಅಂತ ನೋಡುವ ಕೆಲಸ. ಅಲ್ಲಿಗೆ ಬರುತ್ತಿದ್ದದ್ದು ಆಕಳದು, ಎಮ್ಮೆಯದು. ಆಡಿನ ಹಾಲು ಬಂದದ್ದೇ ಇಲ್ಲ. ನಮ್ಮ ಊರಿನ ಡೇರಿಯಲ್ಲೂ ತಗೊಳ್ಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ, ಕೂಸಿಗೆ ಹಾಲು ಸಾಲದಿದ್ದರೆ ಒಂದು ಲೋಟ ಹಿಂಡುತ್ತಿದ್ದರು, ಅಷ್ಟೇ. ಚೀಸ್ ಮಾಡುತ್ತೇವೆ ಅಂದಾಗ ಬೀಗರೊಬ್ಬರು ನಕ್ಕರು, ಆಡಿನ ಹಾಲು ಯಾರು ತಿಂತಾರೆ ಅಂತ. ಮಾವ ಥಟ್ಟನೆ, "ಬೆಳಗಾವಿ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದಿದ್ರಲ್ಲ ಗಾಂಧಿ, ಅವರು ಕುಡೀತಿದ್ರು" ಅಂದರು. ಅಲ್ಲಿಗೆ ಆ ಮಾತು ಮುಗೀತು.

ನಮ್ಮ ಹಿಂಡಿನಲ್ಲಿ ಬಹಳಷ್ಟು ಉಸ್ಮಾನಾಬಾದಿ ಬೆರಕೆ. ಕಪ್ಪು ಮೈ, ಉದ್ದ ಕಿವಿ. ಮಹಾರಾಷ್ಟ್ರದ ತಳಿ, ನಮ್ಮ ಬಿಸಿಲು, ನಮ್ಮ ಒಣ ಮೇವು ಎರಡಕ್ಕೂ ಒಗ್ಗಿದೆ. ಅವಳಿ ಮರಿ ಹಾಕುವುದು ಜಾಸ್ತಿ, ಅದಕ್ಕೇ ಮಾಂಸಕ್ಕೆ ಸಾಕುವವರಿಗೆ ಇಷ್ಟ. ಹಾಲು ಮಾತ್ರ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್. ಅದರಲ್ಲಿ ಎರಡು ಮರಿ ಕುಡಿಯಬೇಕು. ಯೂಟ್ಯೂಬ್ ನೋಡಿದವರು ಸಾನೆನ್ ತರೋಣ ಅನ್ನುತ್ತಾರೆ. ಸ್ವಿಟ್ಜರ್‌ಲೆಂಡಿನ ಬಿಳಿ ಆಡು ಅದು, ಹಾಲಿಗೆ ಹೆಸರುವಾಸಿ ನಿಜ, ಆದರೆ ತಂಪು ದೇಶದ್ದು, ನಮ್ಮ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದರೆ ಹಾಲು ಹಾಗಿರಲಿ, ಆಡು ಉಳಿದರೆ ಸಾಕು. ನಾವು ಪಂಜಾಬಿನ ಬೀಟಲ್ ಹೋತ ತಂದು ನಮ್ಮ ಆಡುಗಳಿಗೇ ಕೂಡಿಸಿದೆವು. ಹುಟ್ಟಿದ ಹೆಣ್ಣು ಮರಿಗಳು ಬೆಳೆದು ಹಾಲು ಕೊಡುವವರೆಗೆ ಕಾಯಬೇಕು. ಯಾವ ಸಬ್ಸಿಡಿಯೂ ಅದನ್ನು ಬೇಗ ಮಾಡುವುದಿಲ್ಲ.

ಸಬ್ಸಿಡಿ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಆಡು ಸಾಕಣೆಗೆ ಅರ್ಧದಷ್ಟು ಸಹಾಯಧನ ಇದೆ, ಆದರೆ ಅದರ ಅತಿ ಚಿಕ್ಕ ಘಟಕವೇ 100 ಹೆಣ್ಣು, 5 ಗಂಡು. ಅಷ್ಟು ಆಡಿಗೆ ಮೇವು ಎಲ್ಲಿಂದ ತರೋದು? ನಮ್ಮದು ಎರಡು ಡಜನ್ ಆಡಿನ ಮನೆ. ನಮಗೆ ಹೊಂದಿದ್ದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ, ಅಂದರೆ ಚಿಕ್ಕ ಆಹಾರ ಘಟಕಗಳ ಯೋಜನೆ. ನಾವು ಅರ್ಜಿ ಹಾಕಿದಾಗ ಕೇಂದ್ರದ್ದು ಶೇಕಡಾ 35, ರಾಜ್ಯ 15 ಸೇರಿಸಿ ಅರ್ಧ ಆಗುತ್ತಿತ್ತು, 15 ಲಕ್ಷದ ಮಿತಿ. ಆದರೆ ಇದು ಸಾಲಕ್ಕೆ ಜೋಡಿಸಿದ ಹಣ. ಮೊದಲು ಬ್ಯಾಂಕ್ ಒಪ್ಪಬೇಕು. ನಾವು ಹೋದ ಬ್ಯಾಂಕಿನ ಸಾಹೇಬರಿಗೆ ಪಾಪ ಆಡಿನ ಚೀಸ್ ಅಂದರೆ ಏನು ಅಂತಲೇ ತಿಳಿಯಲಿಲ್ಲ, ಪನೀರ್ ಅಂತ ಬರೆದರೆ ಆಗಲ್ವಾ ಅಂದರು. ಪಾಸ್ತಾ, ಪಿಜ್ಜಾ ಎಲ್ಲ ವಿವರಿಸಿ, ಕೊನೆಗೆ ಒಂದು ತುಂಡು ತಿನ್ನಿಸಿದ ಮೇಲೆ ಫೈಲ್ ಮುಂದೆ ಹೋಯಿತು.

ಈಗ ಲೆಕ್ಕ. ಹತ್ತು ಲೀಟರ್ ಆಡಿನ ಹಾಲಿಗೆ ಮೆತ್ತನೆಯ ತಾಜಾ ಚೀಸ್ ಒಂದೂವರೆ ಕೆಜಿ, ಸ್ವಲ್ಪ ಹೆಚ್ಚೂ ಬರಬಹುದು. ನೀರು ಬಸಿದು ಗಟ್ಟಿ ಮಾಡಿ ಉಪ್ಪುನೀರಿನಲ್ಲಿಡುವ ಚೀಸ್ ಆದರೆ ಒಂದೂಕಾಲು ಕೆಜಿ ಆಸುಪಾಸು. ತಿಂಗಳುಗಟ್ಟಲೆ ಇಟ್ಟು ಹದಕ್ಕೆ ತರುವ ಗಟ್ಟಿ ಚೀಸ್ ಆದರೆ ಒಂದು ಕೆಜಿ. ಉಳಿದದ್ದೆಲ್ಲ ಹಾಲೊಡೆದ ನೀರು. ನಮಗೆ ಒಳ್ಳೆ ಕಾಲದಲ್ಲಿ ದಿನಕ್ಕೆ ಹದಿನೈದು ಲೀಟರ್ ಹಾಲು. ನೀವೇ ಹಾಕಿಕೊಳ್ಳಿ.

ಅತ್ತೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಮರಿ ಬಾಯಾಗಿಂದು ಕಸ್ಕೊಂಡು ಏನ್ ಮಾಡ್ತೀರೋ ಮಾಡ್ರಿ. ಮರಿ ಸೊರಗಿದ್ರ ಮಾತ್ರ ನಾ ಸುಮ್ಮನಿರಂಗಿಲ್ಲ." ಅದಕ್ಕೇ ನಾವು ದಿನಕ್ಕೆ ಒಂದೇ ಹೊತ್ತು ಹಿಂಡುವುದು. ಮರಿಗೆ ಮೂರು ವಾರ ತುಂಬುವವರೆಗೆ ಹಾಲು ಪೂರ್ತಿ ಅದಕ್ಕೇ. ಮೊದಲ ನಾಲ್ಕೈದು ದಿನದ್ದು ಹೇಗೂ ಚೀಸಿಗೆ ಬರುವುದಿಲ್ಲ, ಮರಿ ಕುಡಿದು ಮಿಕ್ಕರೆ ಗಿಣ್ಣ. ಆಮೇಲೆ ರಾತ್ರಿ ಮಾತ್ರ ಮರಿಗಳನ್ನು ಬೇರೆ ಕಟ್ಟುತ್ತೇವೆ, ಬೆಳಿಗ್ಗೆ ಹಿಂಡುತ್ತೇವೆ, ಆಮೇಲೆ ಸಂಜೆತನಕ ತಾಯಿ ಜೊತೆ ಬಿಡುತ್ತೇವೆ. ಎರಡು ಹೊತ್ತು ಹಿಂಡಿದರೆ ಹಾಲು ಜಾಸ್ತಿ ಸಿಗುತ್ತೆ, ನಿಜ. ಆದರೆ ಗಂಡು ಮರಿ ಬಕ್ರೀದ್ ಹೊತ್ತಿಗೆ ಮೈ ತುಂಬಿಕೊಂಡಿರಬೇಕಲ್ವಾ? ಈಗಲೂ ನಮ್ಮ ಮನೆಯಲ್ಲಿ ಆಡಿನ ಖರ್ಚು ತೂಗಿಸುವುದು ಸಂತೆಯಲ್ಲಿ ಮಾರುವ ಮರಿಗಳೇ. ಚೀಸಿನ ದುಡ್ಡು ಅದರ ಮೇಲಿನದು.

ಬೆಳಗಿನ ಹೊತ್ತು ನಮ್ಮ ಕೊಟ್ಟಿಗೆಗೆ ಬಂದರೆ ಕಾಣುವುದು ಇದು. ಹಲಗೆ ಬಡಿದು ಮಾಡಿದ ಮೊಣಕಾಲೆತ್ತರದ ಕಟ್ಟೆ. ಅದರ ಮುಂದೆ ಬುಟ್ಟಿಯಲ್ಲಿ ಕಡಲೆ ಹೊಟ್ಟು, ಮೇಲೊಂದು ಹಿಡಿ ನುಚ್ಚು. ಕೆಂಚಿ ಅನ್ನುವ ಆಡು ಯಾರೂ ಕರೆಯುವ ಮೊದಲೇ ಹತ್ತಿ ನಿಂತಿರುತ್ತೆ. ಅತ್ತೆ ಬೆಚ್ಚನೆ ನೀರಲ್ಲಿ ಅದ್ದಿದ ಅರಿವೆಯಿಂದ ಕೆಚ್ಚಲು ಒರೆಸಿ, ಒಣ ಅರಿವೆಯಿಂದ ಇನ್ನೊಮ್ಮೆ ಒರೆಸುತ್ತಾರೆ. ಮೊದಲ ಎರಡು ಮೂರು ಧಾರೆ ಒಂದು ಕಪ್ಪು ಬಟ್ಟಲಿಗೆ. ಕಪ್ಪಿನ ಮೇಲೆ ಹಾಲು ಹರಡಿದಾಗ ಸಣ್ಣ ಗಂಟು, ದಾರದಂಥದ್ದು ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಅಂತ. ಆ ಆಡಿನ ಹಾಲು ಅವತ್ತು ಚೀಸಿಗಿಲ್ಲ. ಔಷಧ ಚುಚ್ಚಿಸಿದರೆ ಡಾಕ್ಟರ್ ಹೇಳಿದಷ್ಟು ದಿನ ಇಲ್ಲ, ಯಾಕಂದರೆ ಆ್ಯಂಟಿಬಯೋಟಿಕ್ ಇರುವ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪಿನ ಜೀವಾಣುಗಳೇ ಸಾಯುತ್ತವೆ, ಇಡೀ ಪಾತ್ರೆ ಹಾಲು ಹಾಗೇ ಕೂತಿರುತ್ತೆ. ಹಿಂಡಿದ ಹಾಲು ಸ್ಟೀಲ್ ಕ್ಯಾನಿಗೆ ಸೋಸಿ, ಕ್ಯಾನು ಐಸ್ ನೀರಿನ ಟಬ್ಬಿಗೆ. ಇದೆಲ್ಲ ಅತ್ತೆಗೆ ಕಲಿಸಬೇಕಾಗುತ್ತೆ ಅಂದುಕೊಂಡಿದ್ದೆ. ಕಪ್ಪು ಬಟ್ಟಲೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಅವರು ಮೊದಲೇ ಮಾಡುತ್ತಿದ್ದರು.

ಆಡಿನ ಹಾಲು ವಾಸನೆ ಅನ್ನುತ್ತಾರಲ್ಲ, ಅದರ ಅರ್ಧ ಕಾರಣ ಹೋತ. ಕೊಂಬಿನ ಹಿಂದೆ ಅದಕ್ಕೆ ವಾಸನೆಯ ಗ್ರಂಥಿ ಇರುತ್ತೆ, ಬೆದೆಗೆ ಬಂದ ಹೋತ ಪಕ್ಕದಲ್ಲೇ ಇದ್ದರೆ ಹಾಲಿಗೂ ಬಡಿಯುತ್ತೆ. ನಮ್ಮ ಹೋತ ಹೊಲದ ಆ ತುದಿಯ ಗುಡಿಸಲಲ್ಲಿದೆ. ಇನ್ನರ್ಧ ಹಾಲಿನ ಕೊಬ್ಬಿನಲ್ಲೇ ಇರುವ ಚಿಕ್ಕ ಕೊಬ್ಬಿನಾಮ್ಲಗಳು. ಹಾಲನ್ನು ಬೆಚ್ಚಗೆ ಹಾಗೇ ಬಿಟ್ಟರೆ, ಸುಮ್ನೆ ಕುಲುಕಾಡಿಸಿದರೆ ಅವು ಬಿಡುಗಡೆಯಾಗಿ ಮೂಗಿಗೆ ಹೊಡೆಯುತ್ತವೆ. ತಕ್ಷಣ ತಣ್ಣಗೆ ಮಾಡಿದರೆ ಬರೋದಿಲ್ಲ. ಹಾಲು ಅಚ್ಚ ಬಿಳುಪು, ಕ್ಯಾರೋಟಿನ್ ಇಲ್ಲ, ಹಾಗಾಗಿ ಚೀಸೂ ಸುಣ್ಣದಷ್ಟು ಬೆಳ್ಳಗೆ.

ಹಸಿ ಹಾಲಿನ ಚೀಸ್ ರುಚಿ ಬೇರೆ ಅಂತ ವಾದ ಮಾಡುವವರಿದ್ದಾರೆ. ಇರಬಹುದು. ನಾನು ಮಾಡುವುದಿಲ್ಲ. ಆಡಿನಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲೋಸಿಸ್ ಸಣ್ಣ ರೋಗವಲ್ಲ. ಜ್ವರ ಬಂದು ಹೋಗಿ ಬಂದು ಹೋಗಿ, ಕೀಲು ಹಿಡಿದುಕೊಂಡು ತಿಂಗಳುಗಟ್ಟಲೆ ಕಾಡುತ್ತೆ. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರು ಹೀಗೇ ಮಲಗುತ್ತಿದ್ದರು. ಡೇವಿಡ್ ಬ್ರೂಸ್ 1887ರಲ್ಲಿ ರೋಗಾಣು ಹಿಡಿದ, ಅದು ಆಡಿನಿಂದ ಬರುತ್ತೆ ಅಂತ ತೋರಿಸಿದ್ದು ಅಲ್ಲಿಯವನೇ ಆದ ಝಮ್ಮಿತ್, 1905ರಲ್ಲಿ. ನೋಡಲಿಕ್ಕೆ ಆರೋಗ್ಯವಾಗಿದ್ದ ಆಡುಗಳ ಹಾಲಲ್ಲೇ ಅದು ಇತ್ತು. ಹಾಗಾಗಿ ನಮ್ಮಲ್ಲಿ ಹೊಸ ಆಡು ಹಿಂಡಿಗೆ ಸೇರುವ ಮೊದಲು ರಕ್ತ ಪರೀಕ್ಷೆ, ಮತ್ತು ಪ್ರತಿ ದಿನದ ಹಾಲು 63 ಡಿಗ್ರಿಯಲ್ಲಿ ಅರ್ಧ ಗಂಟೆ. ದೊಡ್ಡ ಪಾತ್ರೆಯ ಬಿಸಿನೀರಲ್ಲಿ ಚಿಕ್ಕ ಪಾತ್ರೆ ಇಟ್ಟು, ಥರ್ಮಾಮೀಟರ್ ಹಿಡಿದು, ತಿರುವುತ್ತಾ. ಇದಕ್ಕೆ ಲಕ್ಷ ರೂಪಾಯಿ ಮಷಿನ್ ಬೇಡ, ಇಷ್ಟು ಹಾಲಿಗಂತೂ ಬೇಡವೇ ಬೇಡ.

ಮೆತ್ತನೆಯ ಚೀಸ್ ಮಾಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಶ್ರೀಖಂಡಕ್ಕೆ ಮೊಸರು ಕಟ್ಟಿ ತೂಗುಹಾಕುವ ಮನೆಗಳು ನಮ್ಮವು. ಇಲ್ಲೂ ಅದೇ. ಕಾಸಿದ ಹಾಲು 22, 23 ಡಿಗ್ರಿಗೆ ಇಳಿಸಿ ಹೆಪ್ಪು ಹಾಕಿ, ಹಾಲನ್ನು ಗಡ್ಡೆ ಕಟ್ಟಿಸುವ ರೆನೆಟ್ ಕೆಲವೇ ಹನಿ ಹಾಕಿ, ಒಂದು ಹಗಲು ಒಂದು ರಾತ್ರಿ ಅಲುಗಾಡಿಸದೆ ಬಿಡಬೇಕು. ಮೇಲೆ ಒಂದು ಬೆರಳು ನೀರು ನಿಂತು, ಗಡ್ಡೆ ಪಾತ್ರೆಯ ಅಂಚು ಬಿಟ್ಟಿರುತ್ತೆ. ಸೌಟಿನಲ್ಲಿ ನಿಧಾನ ಎತ್ತಿ ತೆಳು ಅರಿವೆಗೆ ಹಾಕಿ ತೂಗುಹಾಕಿದರೆ ಮರುದಿನಕ್ಕೆ ಚೀಸ್. ಉಪ್ಪು ಕೆಜಿಗೆ ಹದಿನೈದು ಗ್ರಾಂ ಒಳಗೆ. ಒಂದೇ ಕಷ್ಟ, ಆ 22 ಡಿಗ್ರಿ. ಚಳಿಗಾಲದ ರಾತ್ರಿ ಕೋಣೆ ತಾನಾಗೇ ಹಾಗಿರುತ್ತೆ. ಮಾರ್ಚ್ ಬಂತೋ, ಹೆಪ್ಪು ಓಡಲು ಶುರು, ಗಡ್ಡೆ ಹುಳಿ ಹುಳಿ, ಕೆಲವು ಸಲ ಒಳಗೆ ಗುಳ್ಳೆ. ಎಸಿ ಹಾಕಿದೆವು. ಆದರೆ ತೋಟದ ಮನೆಯಲ್ಲಿ ಕರೆಂಟು ಇದ್ದಾಗ ಎಸಿ, ಇಲ್ಲದಾಗ ಒಲೆಯ ಪಕ್ಕದ ಕೋಣೆ. ಎಸಿ ಎಳೆಯುವಷ್ಟು ಇನ್ವರ್ಟರ್ ಹಾಕಿಸಿದರೆ ಚೀಸ್ ಮಾರಿದ ದುಡ್ಡು ಬ್ಯಾಟರಿಗೇ ಸರಿಹೋಗುತ್ತೆ.

ಗಟ್ಟಿ ಚೀಸ್ ಮಾಡಿ ಹದಕ್ಕಿಡೋಣ ಅಂದರೆ ಅದಕ್ಕೆ ಬೇಕು 12, 13 ಡಿಗ್ರಿ. ಫ್ರಾನ್ಸಿನಲ್ಲಿ ಗುಹೆಯಲ್ಲಿ ಇಡುತ್ತಾರೆ ಅಂತ ಹೇಳಿದ್ದೇ ತಡ, ಮಾವನಿಗೆ ಉಪಾಯ ಹೊಳೆಯಿತು. "ನಮ್ಮ ಹಗೇವು ಖಾಲಿ ಬಿದ್ದೈತೆಲ್ಲ, ಒಳಗ ತಣ್ಣಗಿರತೈತಿ. ಅಲ್ಲೇ ಇಡವಾ." ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಕೇಳಲಿಕ್ಕೆ ಎಷ್ಟು ಚೆಂದ ಅಲ್ವಾ, ಅಜ್ಜನ ಕಾಲದ ಹಗೇವಿನಲ್ಲಿ ಆಡಿನ ಚೀಸ್. ಹಗೇವಿಗೆ ಸುಮ್ನೆ ಇಳಿಯುವಂತಿಲ್ಲ, ಕೆಟ್ಟ ಗಾಳಿ ಕೂತಿರುತ್ತೆ, ಇಳಿದವರು ಮೇಲೆ ಬರದೇ ಹೋದದ್ದೂ ಇದೆ. ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಬಿಟ್ಟು ನೋಡಿದೆವು. 26. ಭೂಮಿಯ ಒಳಗೆ ಆಳದಲ್ಲಿ ವರ್ಷಪೂರ್ತಿ ಇರುವುದು ಆ ಊರಿನ ವರ್ಷದ ಸರಾಸರಿ ಬಿಸಿ. ಫ್ರಾನ್ಸಿನ ಆ ಗುಹೆಗಳ ಕಡೆ ಸರಾಸರಿ ಹನ್ನೊಂದು ಹನ್ನೆರಡು, ಗುಹೆಯೂ ಅಷ್ಟೇ. ನಮ್ಮದು ಇಪ್ಪತ್ತಾರು, ಹಗೇವೂ ಅಷ್ಟೇ. ಮೇಲಿನ ನಲವತ್ತಕ್ಕೆ ಹೋಲಿಸಿದರೆ ಕೈಗೆ ತಣ್ಣಗೆ ಅನ್ನಿಸುತ್ತೆ, ಅಷ್ಟೆ. ಜೋಳಕ್ಕೆ ಸಾಕು, ಚೀಸಿಗೆ ಸಾಲದು.

ನನ್ನ ಅಭಿಪ್ರಾಯ ಇಲ್ಲೇ ಗಟ್ಟಿಯಾದದ್ದು. ಫೋಟೋದಲ್ಲಿ ಚೆಂದ ಕಾಣುವ ಚೀಸ್ ಆರಿಸಿಕೊಂಡು ಅದಕ್ಕೆ ತಕ್ಕ ಕೋಣೆ ಕಟ್ಟಲು ಹೋಗಬೇಡಿ. ನಿಮ್ಮ ಬಿಸಿಲು, ನಿಮ್ಮ ಕರೆಂಟು ಹೇಗಿದೆಯೋ ಅದಕ್ಕೆ ಒಗ್ಗುವ ಚೀಸ್ ಮಾಡಿ. ಬಿಸಿಲು ಹೆಚ್ಚಿರುವ ಗ್ರೀಸ್, ಟರ್ಕಿ ಕಡೆ ಜನ ಏನು ಮಾಡಿದರು? ಉಪ್ಪುನೀರಲ್ಲಿ ಇಟ್ಟರು. ನಾವು ಮಾವಿನಕಾಯಿ ಇಟ್ಟ ಹಾಗೆ. ಈಗ ನಾವು ದೀಪಾವಳಿಯಿಂದ ಶಿವರಾತ್ರಿವರೆಗೆ ಮೆತ್ತನೆಯದು ಮಾಡುತ್ತೇವೆ, ಉಳಿದ ಕಾಲ ಹಾಲಿದ್ದಷ್ಟೂ ಉಪ್ಪುನೀರಿನದು. ಅದು ಬೇಗ ಆಗುತ್ತೆ. 32 ಡಿಗ್ರಿಯಲ್ಲಿ ಹೆಪ್ಪು, ರೆನೆಟ್, ಮುಕ್ಕಾಲು ಗಂಟೆಯಲ್ಲಿ ಗಡ್ಡೆ. ಬೆರಳು ತೂರಿಸಿ ಎತ್ತಿದರೆ ಸೀಳು ಚೊಕ್ಕವಾಗಿ ಬಿಡಬೇಕು, ಅಂಚು ಮುದ್ದೆಯಾದರೆ ಇನ್ನೂ ಹೊತ್ತಿದೆ. ಆಡಿನ ಹಾಲಿನ ಗಡ್ಡೆ ಆಕಳದಕ್ಕಿಂತ ಮೆತ್ತಗೆ, ಜೋರಾಗಿ ತಿರುವಿದರೆ ಪುಡಿಪುಡಿ. ಕತ್ತರಿಸಿ, ಬುಟ್ಟಿಗೆ ತುಂಬಿ, ರಾತ್ರಿಯೆಲ್ಲ ಬಸಿದು, ಉಪ್ಪು ಸವರಿ, ಆಮೇಲೆ ನೂರಕ್ಕೆ ಹತ್ತರಷ್ಟು ಉಪ್ಪಿರುವ ನೀರಿಗೆ. ಬರೀ ಉಪ್ಪುನೀರಾದರೆ ಚೀಸಿನ ಮೈ ಲೋಳೆಯಾಗುತ್ತೆ, ಹಾಗಾಗಿ ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್, ಸ್ವಲ್ಪ ವಿನೆಗರ್. ಫ್ರಿಜ್ ಇದಕ್ಕೂ ಬೇಕು. ಆದರೆ ಕರೆಂಟು ಅರ್ಧ ದಿನ ಕೈಕೊಟ್ಟರೆ ಎದೆ ಡವಗುಟ್ಟುವುದಿಲ್ಲ.

ರೆನೆಟ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಲಿಂಗಾಯತರ ಮನೆ ನಮ್ಮದು. ನಮ್ಮ ಚಿಗವ್ವ ಡಬ್ಬಿ ಮುಟ್ಟುವ ಮೊದಲೇ, "ಕರುವಿನ ಹೊಟ್ಟಿಂದ ತಗದಿದ್ದು ಹಾಕ್ತಾರಂತಲ್ಲ, ಖರೇನ?" ಅಂದರು. ಖರೆ. ಯೂರೋಪಿನ ಎಷ್ಟೋ ಹಳೆ ಚೀಸ್‌ಗಳಿಗೆ ಇವತ್ತಿಗೂ ಅದೇ. ನಾವು ಹಾಕುವುದು ಬೂಷ್ಟಿನ ಜಾತಿಯ ಒಂದು ಜೀವಿಯಿಂದ ತೆಗೆದದ್ದು, ಸಸ್ಯಾಹಾರದ ಹಸಿರು ಚುಕ್ಕೆ ಡಬ್ಬಿ ಮೇಲಿದೆ. ಅದನ್ನು ತೋರಿಸಿದ ಮೇಲೆ ಚಿಗವ್ವ ತಿಂದರು, ಹುಳಿ ಮೊಸರು ಗಟ್ಟಿ ಮಾಡಿ ಇಷ್ಟು ರೊಕ್ಕ ತಗೋತೀರಾ ಅಂತಲೂ ಅಂದರು. ಹಾಗೇ ಇನ್ನೊಂದು. ಫ್ರಾನ್ಸಿನ ವಾಲಾನ್ಸೇ ಅನ್ನುವ ಆಡಿನ ಚೀಸಿಗೆ ಮೈತುಂಬ ಬೂದಿ ಸವರುತ್ತಾರೆ, ಮೇಲ್ಮೈಯ ಹುಳಿ ತಗ್ಗಲಿ ಅಂತ. ಅದರ ಫೋಟೋ ನೋಡಿ ಮಾವ, "ಇದಕ್ಕೂ ವಿಭೂತಿ ಹಚ್ಯಾರೇನು!" ಅಂದು ಬಹಳ ಹೊತ್ತು ನಕ್ಕರು.

ಕಾಗದಪತ್ರ ಹೆದರಿದಷ್ಟು ಇಲ್ಲ. ನಾವು ಅರ್ಜಿ ಹಾಕಿದಾಗ ದಿನಕ್ಕೆ 500 ಲೀಟರ್ ಒಳಗಿನ ಹಾಲು, ವರ್ಷಕ್ಕೆ 12 ಲಕ್ಷ ಒಳಗಿನ ವಹಿವಾಟು ಇದ್ದರೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಾಕಿತ್ತು, ವರ್ಷಕ್ಕೆ 100 ರೂಪಾಯಿ. ನೀರಿನ ಪರೀಕ್ಷೆ ಮಾಡಿಸಿ. ನಮ್ಮ ಬೋರಿನ ನೀರು ಗಡಸು, ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತೆ, ಫಿಲ್ಟರ್ ಹಾಕಿಸಲೇಬೇಕಾಯಿತು. ಆಡು ಸಾಕುವುದರ ಬಗ್ಗೆ ಕೇಳಬೇಕಾದರೆ ಗದಗ ಕಡೆಯವರಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಹಾವೇರಿ ಕಡೆಯವರಿಗೆ ಹನುಮನಮಟ್ಟಿಯದು.

ಮಾರಾಟ? ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಥರ್ಮಾಕೋಲ್ ಡಬ್ಬಿ ಹೋಗುತ್ತೆ, ಐಸ್ ಜೆಲ್ ತುಂಬಿ. ಅದು ಬಹಳ ಮಟ್ಟಿಗೆ ಚಳಿಗಾಲದ ಮೆತ್ತನೆಯದು. ಆದರೆ ನನಗೆ ಖುಷಿ ಕೊಟ್ಟದ್ದು ಹುಬ್ಬಳ್ಳಿ ಧಾರವಾಡದ ಗಿರಾಕಿಗಳು. ಪಾಸ್ತಾ ಮಾಡುವವರಲ್ಲ ಅವರು. ಬಿಸಿ ಜೋಳದ ರೊಟ್ಟಿಗೆ ಮೆತ್ತನೆಯ ಚೀಸ್ ಸವರಿ, ಮೇಲೆ ಶೇಂಗಾ ಚಟ್ನಿಪುಡಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಗುರೆಳ್ಳು ಚಟ್ನಿಯಾದರೆ ಇನ್ನೂ ಚೆನ್ನ. ಬ್ಯಾಡಗಿ ಮೆಣಸಿನಕಾಯಿ ತರಿತರಿಯಾಗಿ ಕುಟ್ಟಿ ಉಂಡೆಯ ಮೇಲೆ ಹೊರಳಿಸಿದ್ದು ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗುವುದು, ಖಾರ ಕಡಿಮೆ, ಬಣ್ಣ ಜೋರು, ಬಿಳಿ ಚೀಸಿನ ಮೇಲೆ ನೋಡಲಿಕ್ಕೇ ಒಂದು ಚೆಂದ. ಇನ್ನು ಉಪ್ಪುನೀರಿನದನ್ನು ಮಿರ್ಚಿ ಒಳಗೆ ತುಂಬಿ ನೋಡಿ. ಪಿಜ್ಜಾ ಚೀಸ್ ತುಂಬಿದರೆ ಎಣ್ಣೆಯಲ್ಲಿ ಕರಗಿ ಹೊರಗೆ ಹರಿಯುತ್ತೆ. ಇದು ಹುಳಿ ಚೀಸ್, ಹುಳಿಗೆ ಒಳಗಿನ ಕ್ಯಾಲ್ಸಿಯಂ ಬಿಟ್ಟುಹೋಗಿರುತ್ತೆ, ಹಾಗಾಗಿ ಬಿಸಿಗೆ ಮೆತ್ತಗಾಗುತ್ತೆ ಹೊರತು ಹರಿಯುವುದಿಲ್ಲ. ಮಿರ್ಚಿ ಮುರಿದರೆ ಒಳಗೆ ಬೆಳ್ಳಗೆ ಇಟ್ಟ ಜಾಗದಲ್ಲೇ ಕೂತಿರುತ್ತೆ. ಜೊತೆಗೆ ಗಿರಮಿಟ್ ಇದ್ದರೆ ಸಂಜೆ ಮುಗಿಯಿತು. ಒಂದು ಮಾತು, ಚೀಸ್ ಮೊದಲೇ ಉಪ್ಪು, ಹಿಟ್ಟಿಗೆ ಉಪ್ಪು ಕಡಿಮೆ ಹಾಕಿ.

ಹಾಲೊಡೆದ ನೀರು ರೊಟ್ಟಿ ಹಿಟ್ಟಿಗೆ, ಸಾರಿಗೆ ಸ್ವಲ್ಪ ಹೋಗುತ್ತೆ, ಉಳಿದದ್ದು ಆಡುಗಳ ನೀರಿನ ತೊಟ್ಟಿಗೆ ಬೆರೆಸುತ್ತೇವೆ. ಗಿಡಕ್ಕೆ ಹಾಗೇ ಸುರಿಯಬೇಡಿ, ಹುಳಿಗೆ ಬೇರು ಸುಡುತ್ತೆ.

ಬೆಲೆ 200 ಗ್ರಾಂಗೆ 300 ರೂಪಾಯಿ. ಜಾಸ್ತಿ ಅನ್ನಿಸಿದರೆ ಮೇಲಿನ ಹಾಲಿನ ಲೆಕ್ಕ ಇನ್ನೊಮ್ಮೆ ಓದಿ. ಸದ್ಯಕ್ಕೆ ಯಾವುದೂ ಇಲ್ಲ, ಆಡುಗಳು ಗಬ್ಬ ಆಗಿವೆ. ಆಡಿನ ಗಬ್ಬ ಐದು ತಿಂಗಳು, ಮರಿಗಳ ಮೂರು ವಾರ ಬೇರೆ, ದೀಪಾವಳಿ ಕಳೆದ ಮೇಲೆ ಕೇಳಿ. ಬೆಳಿಗ್ಗೆ ಎಂಟರೊಳಗೆ ಫೋನ್ ಮಾಡಬೇಡಿ, ಹಿಂಡುವ ಹೊತ್ತು.